ಅಣ್ಣನ ನಂಬರು

"ಬಿಲ್ ಅಣ್ಣನ ನಂಬರಿಗೇ ಅಲ್ವಾ ಅಕ್ಕಾ?" ಎನ್ನುತ್ತಲೇ ಶೂ ಅಂಗಡಿಯ ಕೌಂಟರಿನವಳು ಅರ್ಧ ನಂಬರು ಒತ್ತಿಬಿಟ್ಟಿದ್ದಳು. ಟೈಲರಮ್ಮ ತಟ್ಟನೆ ಕೀಲಿಮಣೆಯ ಮೇಲೆ ಅಂಗೈ ಇಟ್ಟಳು.

ಕಾಗದದ ಬಿಲ್ಲಾದರೆ ಮುದುರಿ ಎಸೆದರೆ ಮುಗಿಯುತ್ತಿತ್ತು. ಈಗ ಅವಳು ಅಂಗಡಿಯ ಮೆಟ್ಟಿಲಿಳಿಯುವ ಮೊದಲೇ ಬಿಲ್ಲು ಗಂಡನ ಮೊಬೈಲು ಸೇರುತ್ತಿತ್ತು. "ಈ ವಯಸ್ಸಲ್ಲಿ ಓಡೋ ಶೂ ಯಾಕೇ? ವಾಪಸ್ ಕೊಟ್ ಬಾ" ಎಂದು ಹೋದ ಸಲ ಅವನ ಫೋನು ಬಂದಾಗ, ಶೂ ವಾಪಸ್ ಕೊಟ್ಟು ಬಂದಿದ್ದಳು. ಇವತ್ತು ಅದೇ ಕೆಂಪು ಶೂ ಮತ್ತೆ ಕೌಂಟರಿನ ಮೇಲಿತ್ತು.

"ಅದನ್ನ ಅಳಿಸಮ್ಮಾ. ನಂದು ಹಾಕು." ಒಂದೊಂದೇ ಅಂಕಿ ಬಿಡಿಸಿ ಹೇಳಿದಳು. ಅವಳದೇ ಚೀಲದೊಳಗೆ ಫೋನು ಗುಂಯ್ಗುಟ್ಟಿತು. ಅಲ್ಲೇ ಸ್ಟೂಲಿನ ಮೇಲೆ ಕೂತು ಶೂ ಮೆಟ್ಟಿಕೊಂಡು, ಖಾಲಿ ಡಬ್ಬವನ್ನು ಆಚೆಗೆ ತಳ್ಳಿದಳು.

"ಡಬ್ಬ ಇಲ್ಲಾಂದ್ರೆ ಆಮೇಲೆ ವಾಪಸ್ ತಗೊಳ್ಳಲ್ಲ ಅಕ್ಕಾ!"

"ಅದಕ್ಕೇ ಬಿಟ್ಟು ಹೋಗ್ತಿರೋದು" ಎಂದು ಟೈಲರಮ್ಮ ಲೇಸು ಬಿಗಿದಳು.