ಆರನೇ ಕುಣಿಯ ಬಾಟಲಿ

ಬಾಟಲಿ ಕಂಡದ್ದೇ ತಡ, ಅನ್ಸೆಲ್ಮ್ ಫೂರ್ತುವಿಗೆ ಖಾತ್ರಿಯಾಯಿತು: ಇದು ಫ್ರೀಡರಿಕೆಯದೇ ಕಿತಾಪತಿ. ನಿನ್ನೆಯಷ್ಟೇ ಜರ್ಮನಿಯಿಂದ ಬಂದ ಈ ಎದುರಾಳಿ ಸಂಶೋಧಕಿ ಬೆಳಿಗ್ಗೆ ಅವನು ಅಗೆಸುತ್ತಿದ್ದ ಗುಹೆಯ ಆರನೇ ಕುಣಿಗಿಳಿದು, ಇನ್ನೊಂದು ಮೊಳ ಅಗೆಯುತ್ತೇನೆಂದು ಹಟ ಹಿಡಿದಿದ್ದಳು. ಮೊಳ ಮುಗಿಯುವುದರೊಳಗೆ ನಿಯಾಂಡರ್ತಾಲರೆಂಬ ಆದಿಮಾನವರ ಕಾಲದ ಮಣ್ಣಿನಡಿಯಿಂದ ಅರಗು ಹಾಕಿ ಮುಚ್ಚಿದ ವೈನ್ ಬಾಟಲಿ ಹೊರಬಂತು. ಒಳಗೊಂದು ಚೀಟಿ.

ನಾಳೆ ಮಧ್ಯಾಹ್ನ ಊರಿನ ಪುರಭವನದಲ್ಲಿ ಅವನು ತನ್ನ ಜೀವಮಾನದ ಗೆಲುವನ್ನು ಸಾರುವವನಿದ್ದ. ಇಬ್ಬರದೂ ಇಪ್ಪತ್ತು ವರ್ಷದ ಜಗಳ. ಹಿಮಗಾಲದ ಹೊಡೆತಕ್ಕೆ ನಿಯಾಂಡರ್ತಾಲರ ಹಳೆಯ ಕುಲಗಳು ಅಳಿದವು, ಎಲ್ಲೋ ಮೂಲೆಯಲ್ಲಿ ಉಳಿದ ಹಿಡಿಯಷ್ಟು ಜನರ ಸಂತತಿಯೇ ಆಮೇಲೆ ಯುರೋಪನ್ನೆಲ್ಲ ತುಂಬಿತು ಎಂಬುದು ಅವಳ ವಾದ. ಬೇರೆಡೆ ಏನೇ ಆಗಿರಲಿ, ಈ ಕಣಿವೆಯಲ್ಲಿ ಮಾತ್ರ ಒಂದೇ ವಂಶ ಕದಲದೆ ಒಲೆ ಹೊತ್ತಿಸಿಕೊಂಡಿತ್ತು ಎಂಬುದು ಅವನದು. ಇದನ್ನು ನಂಬುವವರು ಜಗತ್ತಿನಲ್ಲಿ ಇಬ್ಬರೇ, ತಾನು ಮತ್ತು ತನ್ನ ತಾಯಿ, ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ತಾಯಿ ತೀರಿಕೊಂಡ ಮೇಲೆ ನಂಬುವವರು ಅರ್ಧಕ್ಕಿಳಿದಿದ್ದರು.

ಈ ವರ್ಷ ಅದೃಷ್ಟ ಖುಲಾಯಿಸಿತು. ಐದನೇ ಕುಣಿಯ ತಳದ ಪದರ ಲಕ್ಷ ವರ್ಷದ್ದು. ಆರನೇ ಕುಣಿಯ ಮೇಲಿನ ಪದರ ಐವತ್ತು ಸಾವಿರದ್ದು. ಎರಡರ ಮಣ್ಣಿನಲ್ಲೂ ಉಳಿದಿದ್ದ ನಿಯಾಂಡರ್ತಾಲರ ಡಿಎನ್‌ಎ ಕೂದಲೆಳೆಯ ವ್ಯತ್ಯಾಸವಿಲ್ಲದೆ ಹೊಂದಿತು. ಆರನೇ ಕುಣಿಯಲ್ಲಿ ಕಾಲ ತಿಳಿಯಲು ಇದ್ದಿಲು ಸಿಕ್ಕಿರಲಿಲ್ಲ, ನಿಜ. ಗುಹೆಯ ಗೋಡೆಯಲ್ಲಿ ಪದರದ ಎತ್ತರ ನೋಡಿ ಅವನೇ ನಿರ್ಧರಿಸಿದ್ದ. ಮಣ್ಣೂ ಅಷ್ಟೇ, ಕರಣೆ ಇಟ್ಟಲ್ಲೆಲ್ಲ ಬೆಣ್ಣೆಯಂತೆ ಬಿಟ್ಟುಕೊಟ್ಟಿತ್ತು. ಪ್ರೀತಿಸುವವನಿಗೆ ನೆಲವೂ ಕರಗುತ್ತದೆ, ಕತ್ತೆ ಮಹಾಶಯರೇ, ಎಂದು ವಿದ್ಯಾರ್ಥಿಗಳೆದುರು ಬೀಗಿದ್ದ. ಎಲ್ಲರನ್ನೂ ಹಾಗೆ ಕರೆಯುವುದು ಅವನಿಗೆ ಕಾಲೇಜಿನ ದಿನಗಳಿಂದ ಅಂಟಿದ ಚಾಳಿ.

ಆ ದಿನಗಳಲ್ಲಿ ಒಂದು ಬೇಸಿಗೆ ಇದೇ ಗುಹೆಯಲ್ಲಿ ಅಗೆದಿದ್ದ. ನೆನಪಿರುವುದು ಕ್ಲೋತಿಲ್ಡ್ ಎಂಬ ಹುಡುಗಿ, ಅಕ್ರೋಟಿನ ವೈನು ಮತ್ತು ಮರುದಿನದ ತಲೆನೋವು. ಆ ವರ್ಷದ ದಾಖಲೆ ಪುಸ್ತಕ ಬರೆಯುವ ಹೊಣೆ ಅವನದಾಗಿತ್ತು. ಹಾಗಾಗಿ ಪುಸ್ತಕ ಖಾಲಿ.

ಬಾಟಲಿಯ ಹೊರಗೆ ಅಂಟಿಸಿದ್ದ ಲೇಬಲ್ಲು ಊರಿನ ಅಜ್ಜಿಯೊಬ್ಬಳ ಅಕ್ರೋಟು ವೈನಿನದು. ಅಜ್ಜಿ ಸತ್ತು ಮೂವತ್ತು ವರ್ಷ. ಫ್ರೀಡರಿಕೆ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡು ತಂದು ಹೂತಿದ್ದಾಳೆ, ಎಂದು ಅನ್ಸೆಲ್ಮ್ ತನ್ನೊಳಗೇ ಪತ್ತೇದಾರಿ ಮುಗಿಸಿದ.

"ಇದನ್ನ ಹೂತಿದ್ದು ಯಾರು ಅಂತ ನಂಗೊತ್ತು," ಎಂದ.

"ನಂಗೂ ಈಗ ಅನುಮಾನ ಬರ್ತಿದೆ," ಎಂದಳು ಫ್ರೀಡರಿಕೆ. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಅವನನ್ನು ಇನ್ನೂ ಉರಿಸಿತು. "ಪ್ರೊಫೆಸರ್, ಡೇರೆಗೆ ಹೋಗಿ ನಾವಿಬ್ರೇ ಓದೋಣ್ವಾ?"

"ಯಾಕೆ? ಎಲ್ಲರ ಮುಂದೇನೇ ಓದ್ತೀನಿ. ಓದುವಾಗ ಹೂತವರ ಮುಖ ಎಲ್ರೂ ನೋಡ್ಲಿ."

ಹನ್ನೆರಡು ವಿದ್ಯಾರ್ಥಿಗಳು ಕುಣಿಯ ಸುತ್ತ ನೆರೆದರು. ಅನ್ಸೆಲ್ಮ್ ಅರಗು ಒಡೆದ, ಕನ್ನಡಕ ಏರಿಸಿದ, ಗಂಟಲು ಸರಿಮಾಡಿಕೊಂಡ. ನಾಳೆಯ ಭಾಷಣಕ್ಕೆ ತಾಲೀಮು ಮಾಡಿದ್ದ ದನಿಯಲ್ಲೇ ಶುರು ಮಾಡಿದ. ಮೊದಲ ಎರಡು ಪದಕ್ಕೇ ದನಿ ಇಳಿಯಿತು. ಆದರೂ ನಿಲ್ಲಿಸಲಿಲ್ಲ, ಮಾತು ಕೊಟ್ಟಾಗಿತ್ತು, ಎಲ್ಲರೂ ನೋಡಬೇಕಿದ್ದ ಮುಖವೂ ಅಲ್ಲೇ ಇತ್ತು.

"ಕತ್ತೆ ಮಹಾಶಯರೇ, ಇಲ್ಲಿಯವರೆಗೆ ನೀವು ತೆಗೆದದ್ದು ಯಾವ ಪದರವೂ ಅಲ್ಲ, ಐದನೇ ಕುಣಿಯ ತಳದ ಮಣ್ಣನ್ನೇ ಹೊತ್ತು ತಂದು ಇಲ್ಲಿ ತುಂಬಿದ್ದೇವೆ, ನಿಜವಾದ ಅಗೆತ ಈ ಬಾಟಲಿಯ ಕೆಳಗಿಂದ ಶುರು ಮಾಡಿ — ಇಂತಿ, ಕ್ಲೋತಿಲ್ಡಳ ಅನ್ಸೆಲ್ಮ್, ಆಗಸ್ಟ್ ೧೯೮೪."