ಮಾದಮ್ಮ ಆರಿಸಿದ ಮನೆ

ರಂಜಿನಿ ಎರಡು ಕಾಗದಗಳನ್ನು ಅವ್ವನ ಮುಂದೆ ಚಾಪೆಯ ಮೇಲೆ ಹರಡಿದಳು. ಒಂದು, ಮೈಸೂರಿನಾಚೆಯ ನೀರಾಟದ ಪಾರ್ಕಿನ ನುಣುಪು ಕರಪತ್ರ. ಅಣಬೆಯ ಹಾಗೆ ಕೆಂಪು ಟೋಪಿ ಹಾಕಿಕೊಂಡ ವಿಲ್ಲಾಗಳು, ಕಿಟಕಿ ತೆರೆದರೆ ಎದುರಿಗೇ ಸುತ್ತಿಸುತ್ತಿ ಇಳಿಯುವ ಜಾರುಬಂಡೆ. ಇನ್ನೊಂದು, ಪೇಪರಿನಿಂದ ಕತ್ತರಿಸಿದ ಅಂಗೈಯಗಲದ ಜಾಹೀರಾತು: ಟಿ. ನರಸೀಪುರದ ಹತ್ತಿರ ಹೊಳೆದಂಡೆಯ ಹಳೇ ಮನೆ, ಸಂಸಾರಸ್ಥರಿಗೆ ದಿನದ ಬಾಡಿಗೆಗೆ. ಬದನವಾಳಿನ ಖಾದಿ ಕೇಂದ್ರದಲ್ಲಿ ಮೂವತ್ತೆಂಟು ವರ್ಷ ನೂಲು ತೆಗೆದ ಮಾದಮ್ಮ ಕೆಲಸ ಬಿಟ್ಟು ಇನ್ನೂ ಒಂದು ವಾರವಷ್ಟೇ ಆಗಿತ್ತು. ನೆಂಟರ ಮನೆ ಬಿಟ್ಟು ಬೇರೆಲ್ಲೂ ಒಂದು ರಾತ್ರಿ ತಂಗದ ಅವ್ವನನ್ನು, ಬೇಸಿಗೆ ರಜ ಮುಗಿಯುವುದರೊಳಗೆ ಎರಡು ದಿನ ಎಲ್ಲಿಗಾದರೂ ಕರೆದೊಯ್ಯಲೇಬೇಕೆಂದು ಟೀಚರಾಗಿದ್ದ ಮಗಳ ಹಟ.

"ಅಜ್ಜಿ, ವಿಲ್ಲಾ ಅನ್ನು! ಅಲ್ಲಿ ಸಮುದ್ರದ ಥರ ಅಲೆ ಬರುತ್ತಂತೆ," ಮೊಮ್ಮಗಳು ಧನುಶ್ರೀ ತೋಳು ಜಗ್ಗಿದಳು.

ಮಾದಮ್ಮ ಜಾಹೀರಾತಿನ ಮಸುಕು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ನಾಲ್ಕು ಕಂಬ, ಎತ್ತರದ ಜಗಲಿ, ಪಕ್ಕದಲ್ಲಿ ಹುಣಸೆಮರ.

"ಇಲ್ಲಿಗೆ ಓಗಾನ."

"ಅಲ್ಲೇನಿದೆ ಕಣವ್ವ, ಬರೀ ಹಳೇ ಮನೆ."

"ಇರ್ಲಿ. ನಂಗೆ ಅದೇ ಇರ್ಲಿ." ಮಾದಮ್ಮನಿಗೆ ತನ್ನ ದನಿಯೇ ಹೊಸದಾಗಿ ಕೇಳಿಸಿತು. ಇಂಥದ್ದೇ ಬೇಕು ಎಂದು ಆಕೆ ಯಾರ ಹತ್ತಿರವೂ ಎಂದೂ ಕೇಳಿದವಳಲ್ಲ.

ಆ ಶನಿವಾರ ಮಧ್ಯಾಹ್ನ ನರಸೀಪುರದಲ್ಲಿ ಬಸ್ಸಿಳಿದು, ಆಟೋ ಹಿಡಿದು ಹೋದಾಗ ಮನೆಯ ಯಜಮಾನ ಶಿವರಾಜು ಬೈಕಿಗೆ ಒರಗಿಕೊಂಡು ಕಾಯುತ್ತಿದ್ದ. ಮೂವತ್ತರ ಹುಡುಗ. "ಬನ್ನಿ ಮೇಡಂ. ಎರಡು ರೂಮು, ಗೀಸರ್ ಇದೆ. ನಾವೆಲ್ಲ ಮೈಸೂರು ಸೇರ್ಕೊಂಡ್ವಿ. ತಾತನ ಮನೆ, ಸುಮ್ನೆ ಬೀಗ ಹಾಕೋದು ಯಾಕೆ ಅಂತ ಬಾಡಿಗೆಗೆ ಬಿಡ್ತಾ ಇದೀವಿ." ರಂಜಿನಿ, ಧನುಶ್ರೀ ಅವನ ಹಿಂದೆ ಒಳಗೆ ಹೋದರು.

ಮಾದಮ್ಮ ಅಂಗಳದಲ್ಲೇ ನಿಂತಳು. ರಂಜಿನಿ ಹುಟ್ಟುವ ಮೊದಲೇ ತವರಿನವರು ಬಿಟ್ಟುಹೋದ ಊರಿದು. ಏಳು ವರ್ಷದವಳಾಗಿದ್ದಾಗಿನಿಂದ ಮದುವೆಯಾಗಿ ಬದನವಾಳಿಗೆ ಹೋಗುವ ತನಕ, ಪ್ರತಿ ಸುಗ್ಗಿಗೂ ತಾಯಿಯ ಜೊತೆ ಇದೇ ಅಂಗಳದಲ್ಲಿ ಭತ್ತ ತೂರಿದ್ದಳು. ಕೂಲಿಯ ಭತ್ತ ಜಗಲಿಯ ಮೇಲಿನಿಂದ ಸೆರಗಿಗೆ ಬೀಳುತ್ತಿತ್ತು. ಅವರ ಕೇರಿಯವರು ಯಾರೂ ಆ ಜಗಲಿಯ ಮೊದಲ ಮೆಟ್ಟಿಲನ್ನೂ ತುಳಿದವರಲ್ಲ. ತುಳಿಯಬೇಡಿ ಎಂದು ಯಾರೂ ಹೇಳಬೇಕಾಗಿಯೂ ಇರಲಿಲ್ಲ.

"ಬನ್ನಿ ಅಮ್ಮ," ಶಿವರಾಜು ಬಾಗಿಲಿಗೆ ಬಂದು ಕರೆದ. "ಚಪ್ಪಲಿ ಹಾಕ್ಕೊಂಡೇ ಬನ್ನಿ, ಪರವಾಗಿಲ್ಲ."

ಮಾದಮ್ಮ ಚಪ್ಪಲಿ ಬಿಟ್ಟಳು. ಒಳಗಿನ ನೆಲ ಹೇಗಿದೆಯೆಂದು ಅವಳ ಕಾಲಿಗೆ ಗೊತ್ತಾಗಬೇಕಿತ್ತು. ಮೂರು ಮೆಟ್ಟಿಲು. ಹೊಸಲು. ಅಂಗಾಲಿಗೆ ತಣ್ಣಗೆ ಹತ್ತಿದ ಕೆಂಪು ಗಾರೆ. ಎರಡಾಳು ತಬ್ಬಬೇಕಾದ ಕಂಬಗಳು ಎಣ್ಣೆ ಉಂಡ ಹಾಗೆ ಮಿನುಗುತ್ತಿದ್ದವು. ಅವುಗಳ ನಡುವೆ, ಮನೆಯ ನಟ್ಟನಡುವೆ, ಬಿಸಿಲು ಬಿದ್ದಿತ್ತು. ಮಂಗಗಳ ಕಾಟಕ್ಕೆಂದು ಹಾಕಿದ ಕಂಬಿಗಳ ಮೇಲೆ ಮೋಡಗಳು ಹೋಗುತ್ತಿದ್ದವು. ಅವಳು ಒಂದು ಕಂಬಕ್ಕೆ ಕೈಯಿಟ್ಟಳು.

ಬೀಗದ ಕೈ ಕೊಟ್ಟು ಶಿವರಾಜು ಹೊರಟ ಮೇಲೆ ಮಗಳಿಗೆ ಹೇಳಿದಳು. ಅಂಗಳ, ಭತ್ತ, ಸೆರಗು, ಎಲ್ಲವನ್ನೂ. ರಂಜಿನಿಯ ಮುಖ ಕೆಂಪಾಯಿತು. ಬಿಚ್ಚುತ್ತಿದ್ದ ಬ್ಯಾಗಿನ ಜಿಪ್ಪನ್ನು ಸರ್ರನೆ ಎಳೆದು ಹೆಗಲಿಗೇರಿಸಿದಳು.

"ಇವರ ಮನೆಗಾ ನಾನು ನಿನ್ನ ಕರ್ಕೊಂಡು ಬಂದಿದ್ದು? ಏಳವ್ವ, ಹೋಗಣ. ಮೊದಲೇ ಹೇಳಿದ್ರೆ ನಾನು ಬರ್ತಾನೇ ಇರ್ಲಿಲ್ಲ."

"ಅದ್ಕೇ ಏಳ್ನಿಲ್ಲ ಕಣವ್ವ."

ರಂಜಿನಿ ಬಾಗಿಲ ತನಕ ಹೋದಳು. ಅಷ್ಟರಲ್ಲಿ ಹೊಳೆಯ ಕಡೆಯಿಂದ ಗಾಳಿ ಎದ್ದು, ಬಿಸಿಲು ಆರಿ, ಮೇ ತಿಂಗಳ ಮಳೆ ಧಡಧಡನೆ ಇಳಿಯಿತು. ಹೊರಗಷ್ಟೇ ಅಲ್ಲ, ಒಳಗೂ. ಹೆಂಚಿನ ನಾಲ್ಕೂ ಅಂಚುಗಳಿಂದ ನೀರು ಪರದೆ ಇಳಿಬಿಟ್ಟ ಹಾಗೆ ತೊಟ್ಟಿಗೆ ಸುರಿಯತೊಡಗಿತು.

ಮಾದಮ್ಮ ಆ ಸದ್ದಿಗೆ ಕಿವಿಗೊಟ್ಟಳು. ಒಂದು ಸುಗ್ಗಿಯಲ್ಲಿ ಅಕಾಲ ಮಳೆ ಬಂದು, ಹುಣಸೆಮರದ ಬುಡದಲ್ಲಿ ನೆನೆಯುತ್ತ ನಿಂತಿದ್ದಾಗ ಈ ಸದ್ದು ಬಾಗಿಲಿನಿಂದ ಹೊರಗೆ ಬಂದಿತ್ತು. "ಅವ್ವ, ಇವ್ರ ಮನೆ ಒಳಿಕೂ ಮಳೆ ಬತ್ತದಾ?" ಎಂದು ಕೇಳಿದ್ದಕ್ಕೆ ತಾಯಿ ಗದರಿ ಬಾಯಿ ಮುಚ್ಚಿಸಿದ್ದಳು. ತೊಟ್ಟಿಮನೆಯೆಂಬ ಮಾತು ಆಮೇಲೆ ಎಷ್ಟೋ ಸಲ ಕಿವಿಗೆ ಬಿದ್ದಿತ್ತು. ಅರವತ್ತು ದಾಟುವ ತನಕ ಕಣ್ಣಿಗೆ ಬಿದ್ದಿರಲಿಲ್ಲ.

"ಅಜ್ಜೀ!" ಎಂದು ಕಿರುಚುತ್ತ ಧನುಶ್ರೀ ತೊಟ್ಟಿಗೆ ಧುಮುಕಿದಳು. ಮಾದಮ್ಮ ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆಯೇ ಇಳಿದಳು. ನೀರಿನ ನಡುವೆ ನಿಂತು ಮುಖವೆತ್ತಿದಳು. ಹನಿಗಳು ಕಣ್ಣಿಗೂ ಬಾಯಿಗೂ ಬೀಳುತ್ತಿದ್ದವು, ಅವಳು ಒರೆಸಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತ ರಂಜಿನಿ ಅವ್ವನ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬ್ಯಾಗನ್ನು ಕಂಬದ ಬುಡದಲ್ಲಿಟ್ಟು, ಟವೆಲು ಹುಡುಕಿ ತೆಗೆದು ಮೆಲ್ಲಗೆ ಬಂದು ತೊಟ್ಟಿಯ ಅಂಚಿನಲ್ಲಿ ಕೂತಳು.

ಮಳೆ ನಿಂತಿತು. ತೊಳೆದಿಟ್ಟಂಥ ಚೌಕ ಆಕಾಶದಲ್ಲಿ ಬೆಳ್ಳಕ್ಕಿಗಳ ಸಾಲೊಂದು ಈ ಅಂಚಿನಿಂದ ಹೊಕ್ಕು ಆ ಅಂಚಿಗೆ ಮರೆಯಾಯಿತು. ಮಾದಮ್ಮ ಕತ್ತು ಇಳಿಸದೆ, ಮಗಳ ಕಡೆ ತಿರುಗದೆ ಹೇಳಿದಳು:

"ನೋಡವ್ವ, ಇಷ್ಟು ಚೆಂದದ ಆಕಾಸವ ಇವ್ರು ಮನೆ ಒಳಗೇ ಮಡೀಕಂಡಿದ್ರು."