ಕೆಂಪಿನ ಅಡಿಯ ಬಣ್ಣ

ಬ್ಯಾಂಕಿನ ಕೆಲಸ ಬಿಟ್ಟು ಹಳೆಯ ಕಾರುಗಳನ್ನು ಹೊಸದಾಗಿಸುವ ಶೆಡ್ಡು ಹಾಕಿದ ವಾರಿಜಳಿಗೆ ಗಿರಾಕಿ ಬಾರದಿದ್ದರೇನು ಗತಿ ಎಂಬ ಚಿಂತೆ ಇರಲಿಲ್ಲ. ಆ ಒಂದು ತಿಳಿನೀಲಿ ಫಿಯಟ್ ತನ್ನ ಕೈಗೆ ಸಿಗುವ ಮೊದಲೇ ಗುಜರಿಗೆ ಹೋಗಿಬಿಟ್ಟರೆ ಎಂಬ ಭಯವೊಂದೇ ಇತ್ತು. ಆ ಭಯವನ್ನು ತನ್ನ ಡೈರಿಗಲ್ಲದೆ ಯಾರಿಗೂ ಹೇಳಿರಲಿಲ್ಲ. ಆ ಕಾರನ್ನು ಓಡಿಸುತ್ತಿದ್ದವನ ಮೇಲೆ ಹದಿನಾಲ್ಕು ವರ್ಷದ ಹಿಂದಿನ ಯುಗಾದಿ ಸಂಜೆಯಿಂದ ಅವಳು ಹಗೆ ಸಾಕಿಕೊಂಡು ಬಂದಿದ್ದಳು. ಅವನ ಮುಖ ಮಾತ್ರ ಗೊತ್ತಿರಲಿಲ್ಲ.

ಅವಳ ಶೆಡ್ಡಿಗೆ ಬಂದ ಇಪ್ಪತ್ತಮೂರನೆಯ ಫಿಯಟ್ ಕೆಂಪು ಬಣ್ಣದ್ದು. ಅದರ ಮಾಲೀಕರು ಸ್ಟೂಲಿನ ಮೇಲೆ ಕೂತು ಅವಳ ಕೆಲಸ ನೋಡುತ್ತಿದ್ದರು.

"ಬ್ಯಾಂಕ್ ಕೆಲ್ಸ ಬಿಟ್ಟು ಈ ಗ್ರೀಸು, ಧೂಳು ಯಾಕಮ್ಮ ಬೇಕಿತ್ತು? ನಿನ್ ಉಗುರು ನೋಡಿದ್ರೆ ಬಂದ ಗಂಡು ಕಾಫಿನೂ ಕುಡೀದೆ ಎದ್ದೋಗ್ತಾನೆ."

ವಾರಿಜ ನಕ್ಕಂತೆ ಮಾಡಿ ಉಪ್ಪುಕಾಗದ ಉಜ್ಜುತ್ತಲೇ ಇದ್ದಳು. ಮುಂದಿನ ಮಡ್‌ಗಾರ್ಡಿನ ಕೆಂಪು ಸವೆದು ಅಡಿಯಿಂದ ತಿಳಿನೀಲಿ ಇಣುಕಿತು. ಇನ್ನಷ್ಟು ಉಜ್ಜಿದಾಗ ಮೆತ್ತಿದ್ದ ಹಳೆಯ ಪುಟ್ಟಿ ಉದುರಿ, ಆಳವಾದ ನೆಗ್ಗೊಂದು ಕಾಣಿಸಿತು.

"ಬಣ್ಣ ಯಾವಾಗ ಬದ್ಲಾಯಿಸಿದ್ರಿ, ಸರ್?"

"ಆಯ್ತಲ್ಲ, ಹದಿನಾಲ್ಕು ವರ್ಷ. ಹೊಸತೊಡಕಿನ ದಿನ. ಬಾಡೂಟ ಬಿಟ್ಟು ಯಾವ ಪೇಂಟರ್ ಬರ್ತಾನೆ ಹೇಳು? ಕಾಲು ಹಿಡಿದು ಕರೆಸಿದ್ದೆ."

"ಅಷ್ಟೊಂದು ಅವಸರ ಏನಿತ್ತು?"

"ಹಿಂದಿನ ದಿನ, ಯುಗಾದಿ ಸಂಜೆ, ನಮ್ಮನೆ ಗೇಟಿಗೇ ಗುದ್ದಿಬಿಟ್ಟೆ. ನೆಗ್ಗಿದ ಗಾಡಿ ಬಾಗಿಲಲ್ಲಿ ನಿಂತಿದ್ರೆ ಅಪಶಕುನ ಅಲ್ವೇನಮ್ಮ?"

ವಾರಿಜ ಉಪ್ಪುಕಾಗದ ಕೆಳಗಿಟ್ಟಳು. ಯಾರೆದುರೂ ತಲೆಯೆತ್ತದವಳು ಅವರ ಮುಖವನ್ನು ಕಣ್ತುಂಬ ನೋಡಿದಳು.

"ಗೇಟಲ್ಲ, ಸರ್. ನಮ್ಮಪ್ಪ."